ತೊನ್ನು, ಈಜು, ಸೈಕಲ್ಲು, ಓಟ

ನಮ್ಮ ಮನೆಯಲ್ಲಿ ಆ ಪದವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅಮ್ಮ 'ಅದು' ಎನ್ನುತ್ತಾಳೆ. ಅಣ್ಣ 'ಸ್ಕಿನ್ ಪ್ರಾಬ್ಲಂ' ಎನ್ನುತ್ತಾನೆ. ಅತ್ತಿಗೆ ಏನೂ ಅನ್ನದೆ ತನ್ನ ಮೊಣಕೈಯನ್ನು ಒಮ್ಮೆ ಸವರಿಕೊಂಡು ಕಣ್ಣಲ್ಲೇ ತೋರಿಸುತ್ತಾಳೆ. ನಾನು ಹೇಳುತ್ತೇನೆ: ತೊನ್ನು. ನನಗೆ ತೊನ್ನು ಇದೆ. ನಲವತ್ತನೇ ವಯಸ್ಸಿಗೆ ಬಂತು, ಈಗ ನಲವತ್ನಾಲ್ಕು, ಹೋಗುವ ಲಕ್ಷಣ ಕಾಣುವುದಿಲ್ಲ. ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಬೇಸಿಗೆಯಲ್ಲೂ ಉದ್ದ ತೋಳಿನ ರವಿಕೆ ತೊಟ್ಟು ಕೂತಿದ್ದರೆ, ಇದನ್ನು ಬರೆದದ್ದು ಅವರಿಗಾಗಿ. ಉಳಿದವರೂ ಓದಬಹುದು, ಅಂಟುವುದಿಲ್ಲ.

ಮಾಮೂಲ್‌ಪೇಟೆಯಲ್ಲಿ ನಮ್ಮದೊಂದು ಬಳೆ ಅಂಗಡಿ. ನಮ್ಮ ಯಜಮಾನರು ಸಗಟು ವ್ಯಾಪಾರ ನೋಡಿಕೊಳ್ಳುತ್ತಾರೆ. ಮುಂದೆ ಕೂತು ಹೆಂಗಸರಿಗೆ ಬಳೆ ತೊಡಿಸುವುದು ನನ್ನ ಕೆಲಸ. ಗಾಜಿನ ಬಳೆ ತೊಡಿಸುವುದು ಅಷ್ಟು ಸುಲಭವಲ್ಲ. ಕೈ ಹಿಡಿದು, ಹೆಬ್ಬೆರಳಿನ ಬುಡವನ್ನು ಒತ್ತಿ ಒತ್ತಿ ಮೆದು ಮಾಡಿ, ಮಗಳ ಪರೀಕ್ಷೆ, ಅತ್ತೆಯ ಮಂಡಿನೋವು ಅಂತ ಏನಾದರೂ ಮಾತಾಡಿಸುತ್ತಾ, ಅವರಿಗೆ ಗೊತ್ತಾಗುವ ಮೊದಲೇ ಬಳೆಯನ್ನು ಮಣಿಕಟ್ಟಿಗೆ ಇಳಿಸಿಬಿಡಬೇಕು. ಹದಿನೆಂಟು ವರ್ಷದಲ್ಲಿ ನಾನು ಹಿಡಿಯದ ಕೈಯಿಲ್ಲ. ಮದುಮಗಳ ಕೈ, ಸೀಮಂತದ ಕೈ, ಹಿಟ್ಟಿನ ಗಿರಣಿಯಲ್ಲಿ ದುಡಿದು ಒರಟಾದ ಕೈ, ಎಲ್ಲವೂ ನನ್ನ ಕೈಯಲ್ಲಿ ಹಾದು ಹೋಗಿವೆ. ಮೊದಲ ಮಚ್ಚೆ ಬಂದದ್ದು ಬಲಗೈ ತೋರುಬೆರಳಿನ ಗೆಣ್ಣಿನ ಮೇಲೆ. ಎಲೆ ಅಡಿಕೆಯ ಸುಣ್ಣ ಅಂಟಿದೆ ಅಂದುಕೊಂಡು ಸೆರಗಿನಿಂದ ಒರೆಸಿದೆ. ಹೋಗಲಿಲ್ಲ.

ಆರು ತಿಂಗಳಲ್ಲಿ ಅದು ಎರಡೂ ಕೈಗಳನ್ನು ಹಿಡಿಯಿತು. ಆಮೇಲೆ ಮೊಣಕೈ, ಮೊಣಕಾಲು, ತುಟಿಯ ಸುತ್ತ. ನೋವಿಲ್ಲ, ತುರಿಕೆಯಿಲ್ಲ, ಜ್ವರವಿಲ್ಲ. ಕನ್ನಡಿಯೂ ಗಿರಾಕಿಗಳೂ ಇಲ್ಲದಿದ್ದರೆ ಇದೊಂದು ಕಾಯಿಲೆ ಎಂದೇ ನನಗೆ ತಿಳಿಯುತ್ತಿರಲಿಲ್ಲ. ಶ್ರಾವಣದ ಒಂದು ಶುಕ್ರವಾರ ಅಂಗಡಿ ತುಂಬ ಜನ. ವರ್ಷಗಳಿಂದ ಬರುತ್ತಿದ್ದ ಒಬ್ಬರು ಕೈ ಚಾಚಿದರು, ನಾನು ಹಿಡಿದೆ. ಅವರು ನನ್ನ ಬೆರಳು ನೋಡಿ, ಬಿಸಿ ಪಾತ್ರೆ ಮುಟ್ಟಿದವರ ಹಾಗೆ ಕೈ ಎಳೆದುಕೊಂಡರು.

"ಬಿಡಿ ಭಾಗ್ಯಮ್ಮ, ಮನೇಲೇ ಸೋಪು ಹಚ್ಕೊಂಡು ಹಾಕ್ಕೊಳ್ತೀನಿ," ಅಂದರು.

ಅವತ್ತು ಇನ್ನೂ ಮೂವರು ಮನೆಯಲ್ಲೇ ಹಾಕಿಕೊಳ್ಳುತ್ತೇವೆ ಅಂದರು. ಸಂಜೆ ನಮ್ಮ ಯಜಮಾನರು ಒಂದು ಜೊತೆ ತೆಳು ಕೈಗವಸು ತಂದು ನನ್ನ ಪಕ್ಕದಲ್ಲಿಟ್ಟರು. ಪಾಪ, ಒಳ್ಳೆಯ ಮನಸ್ಸಿನಿಂದಲೇ ತಂದಿದ್ದರು. ನಾನು ಅದನ್ನು ಅವರ ಮುಖಕ್ಕೇ ಎಸೆದೆ. ನಾಲ್ಕು ದಿನ ಬಿಟ್ಟು ನಾನೇ ಹುಡುಕಿ ತೊಟ್ಟುಕೊಂಡೆ. ಕೈಗವಸಿನಲ್ಲಿ ಬಳೆ ತೊಡಿಸುವ ಹದ ಸಿಗುವುದಿಲ್ಲ. ಮೊದಲ ದಿನವೇ ಒಂದು ಡಜನ್ ಬಳೆ ಒಡೆದವು, ಒಬ್ಬ ಹುಡುಗಿಯ ಕೈ ಕುಯ್ದು ರಕ್ತ ಬಂತು. ಅವತ್ತಿನಿಂದ ನಾನು ಒಳಗಿನ ಗೋದಾಮಿನಲ್ಲಿ ಕೂತು ಬಳೆ ಜೋಡಿಸತೊಡಗಿದೆ. ಯಾರೂ ನನ್ನನ್ನು ಒಳಗೆ ಹೋಗು ಅನ್ನಲಿಲ್ಲ, ನಾನೇ ಹೋದೆ. ನನಗೆ ಈಗಲೂ ಸಿಟ್ಟು ಬರುವುದು ಅದಕ್ಕೇ.

ಚರ್ಮದ ಡಾಕ್ಟರ ಶಾಪು ಬಸವನಗುಡಿಯಲ್ಲಿ. ಅಲ್ಲಿ ಕಾಯುವ ಕೋಣೆಯಲ್ಲಿ ಎಲ್ಲರೂ ಏನನ್ನೋ ಮುಚ್ಚಿಕೊಂಡು ಕೂತಿರುತ್ತಾರೆ. ಒಬ್ಬರು ದುಪ್ಪಟ್ಟಾದಲ್ಲಿ ಕುತ್ತಿಗೆ, ಇನ್ನೊಬ್ಬರು ಟೋಪಿಯಲ್ಲಿ ತಲೆ. ಒಬ್ಬರನ್ನೊಬ್ಬರು ನೋಡುವುದಿಲ್ಲ, ಆದರೆ ಕಣ್ಣಂಚಿನಲ್ಲಿ ಎಲ್ಲರೂ ಎಲ್ಲರನ್ನೂ ನೋಡಿ, ತನ್ನದು ಹೆಚ್ಚೋ ಅವರದು ಹೆಚ್ಚೋ ಅಂತ ಅಳೆಯುತ್ತಿರುತ್ತಾರೆ. ನಾನೂ ಅಳೆದೆ, ಸುಳ್ಳೇಕೆ ಹೇಳಲಿ. ಡಾಕ್ಟರಮ್ಮ ನೋಡಿ ಹೆಸರು ಹೇಳಿದರು. ಹೋಗುತ್ತಾ ಅಂತ ಕೇಳಿದೆ.

"ಹೋಗಬಹುದು, ಹೋಗದೇನೂ ಇರಬಹುದು. ಪ್ರಾಣಕ್ಕೇನೂ ಅಪಾಯ ಇಲ್ಲ, ಧೈರ್ಯವಾಗಿರಿ," ಅಂದರು.

ಪ್ರಾಣ ಒಂದಿದ್ದರೆ ಆಯಿತೇ? ಆಟೋದಲ್ಲಿ ಗವಿಪುರದ ಮನೆಗೆ ಬರುವಾಗ ಅಷ್ಟೂ ದೂರ ಅತ್ತೆ. ನಮ್ಮ ಯಜಮಾನರು ನನ್ನನ್ನು ಮುಟ್ಟುವುದಿಲ್ಲವೇನೋ ಎಂಬ ಭಯ. ಮುಖವೆಲ್ಲ ಬೆಳ್ಳಗಾಗಿ ಯಾರೋ ಬೇರೆಯವಳಾಗಿಬಿಡುತ್ತೇನೇನೋ ಎಂಬ ಭಯ. ಆಟೋದವನು ಕನ್ನಡಿಯಲ್ಲಿ ನೋಡಿ, "ಯಾರಾದ್ರೂ ಹೋಗ್ಬಿಟ್ರಾ ಮೇಡಂ?" ಅಂತ ಕೇಳಿದ. ಯಾರೂ ಹೋಗಿಲ್ಲಪ್ಪ ಅಂದೆ.

ಅಮ್ಮ ಚಾಮರಾಜಪೇಟೆಯಲ್ಲಿ ಅಣ್ಣನ ಮನೆಯಲ್ಲಿರುತ್ತಾಳೆ. ಅವಳಿಗೆ ಸುದ್ದಿ ತಿಳಿದಾಗ ಅವಳು ಅಳಲಿಲ್ಲ, ಆದರೆ ಅವತ್ತಿನಿಂದ ಮೀನು ಬಿಟ್ಟಳು. ಮೀನಿನ ಸಾರಿಲ್ಲದೆ ಭಾನುವಾರವೇ ಆಗದಿದ್ದ ಹೆಂಗಸು ಅವಳು. ಕಾರಣ ಕೇಳಿದರೆ ಹೇಳಳು. ಎರಡು ತಿಂಗಳಾದ ಮೇಲೆ ಒಂದು ದಿನ ಬಾಯಿ ಬಿಟ್ಟಳು.

"ನಿಂಗೆ ಆರೋ ಏಳೋ ವರ್ಷ ಕಣೇ. ಅವತ್ತು ನೀನು ಮೀನು ತಿಂದಿದ್ದೆ. ಹಟ ಮಾಡ್ದೆ ಅಂತ ನಾನೇ ಒಂದು ಲೋಟ ಹಾಲು ಕೊಟ್ಬಿಟ್ಟೆ. ಮೀನು ತಿಂದು ಹಾಲು ಕುಡೀಬಾರ್ದು, ತೊನ್ನು ಬರುತ್ತೆ ಅಂತ ನಮ್ಮಜ್ಜಿ ಬಡ್ಕೊಳ್ತಿದ್ರು. ನಾನು ಕೇಳ್ಲಿಲ್ಲ. ನಾನೇ ಕಣೇ ತಂದಿದ್ದು," ಅಂತ ನನ್ನ ಬಿಳಿ ಬೆರಳು ಹಿಡಿದುಕೊಂಡಳು.

ಮೂವತ್ತನಾಲ್ಕು ವರ್ಷದ ಹಿಂದಿನ ಒಂದು ಲೋಟ ಹಾಲು! ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿ ನೋಡಿದೆ, ಅವಳ ತಲೆಗೆ ಹೋಗಲಿಲ್ಲ. ಮುಂದಿನ ಭಾನುವಾರ ನಾನೇ ಬಂಗುಡೆ ತಂದು ಅಣ್ಣನ ಮನೆಯ ಅಡುಗೆಮನೆಯಲ್ಲಿ ಹುರಿದೆ. ಎಲ್ಲರನ್ನೂ ಕೂರಿಸಿ, ಅವರ ಮುಂದೆ ನಾಲ್ಕು ಮೀನು ತಿಂದು, ಅದರ ಮೇಲೆ ದೊಡ್ಡ ಲೋಟದ ತುಂಬ ಹಾಲು ಕುಡಿದೆ. "ನೋಡ್ತಾ ಇರಿ, ಎಲ್ಲಿಂದ ಬರುತ್ತೋ ಬರ್ಲಿ, ಇನ್ನು ಖಾಲಿ ಜಾಗ ಎಷ್ಟಿದೆ ನಾನೂ ನೋಡ್ತೀನಿ," ಅಂದೆ. ಅತ್ತಿಗೆ ಎದ್ದು ಹೋದಳು. ಅಮ್ಮ ಬಾಣಲೆಯಲ್ಲಿ ಉಳಿದಿದ್ದ ಒಂದು ಮೀನನ್ನು ತಟ್ಟೆಗೆ ಹಾಕಿಕೊಂಡಳು. ಸಂಜೆ ನನ್ನ ಹೊಟ್ಟೆ ಗುಡುಗುಡು ಅಂದದ್ದು ನಿಜ. ಅದನ್ನು ಅಮ್ಮನಿಗೆ ಹೇಳಲಿಲ್ಲ.

ಚಿಕಿತ್ಸೆ ಎಂದರೆ ವಾರಕ್ಕೆ ಮೂರು ಸಲ ಬೆಳಕಿನ ಪೆಟ್ಟಿಗೆಯೊಳಗೆ ನಿಲ್ಲುವುದು. ಗಾಡ್ರೇಜ್ ಬೀರುವಿನಷ್ಟು ಎತ್ತರದ ಪೆಟ್ಟಿಗೆ, ಒಳಗೆಲ್ಲ ಟ್ಯೂಬ್‌ಲೈಟು. ಕಪ್ಪು ಕನ್ನಡಕ ಹಾಕಿಕೊಂಡು, ಬಟ್ಟೆ ಬಿಚ್ಚಿ, ಕೈ ಎತ್ತಿ ನಿಲ್ಲಬೇಕು. ಮೊದಲ ದಿನ ಕೆಲವೇ ಸೆಕೆಂಡು, ಆಮೇಲೆ ಸ್ವಲ್ಪ ಸ್ವಲ್ಪ ಹೆಚ್ಚು. ಅಲ್ಲಿದ್ದ ನರ್ಸು ಮೊದಲ ದಿನ ಕೈಗವಸಿಲ್ಲದೆ ನನ್ನ ಎರಡೂ ಕೈಗಳನ್ನು ಹಿಡಿದು, ತಿರುಗಿಸಿ, ಬೆರಳ ಸಂದಿಯನ್ನೆಲ್ಲ ನೋಡಿ, "ಇಲ್ಲಿ ಸ್ವಲ್ಪ ನಿಧಾನ ಆಗುತ್ತೆ ಅಕ್ಕ, ಬೇಜಾರು ಮಾಡ್ಕೋಬೇಡಿ," ಅಂದಳು. ಎಷ್ಟೋ ತಿಂಗಳ ಮೇಲೆ ಹೊರಗಿನವರೊಬ್ಬರು ನನ್ನ ಕೈಯನ್ನು ಅಷ್ಟು ಹೊತ್ತು ಹಿಡಿದದ್ದು ಅದೇ ಮೊದಲು. ಅವಳಿಗೆ ಅದು ನೆನಪೂ ಇರಲಿಕ್ಕಿಲ್ಲ.

ಅಲ್ಲೇ ಪರಿಚಯವಾದವರು ಬಿನ್ನಿಪೇಟೆಯ ಮೂರ್ತಿ ಮೇಷ್ಟ್ರು. ಸರ್ಕಾರಿ ಶಾಲೆಯಲ್ಲಿ ಪಿ.ಟಿ. ಮೇಷ್ಟ್ರಾಗಿದ್ದು ನಿವೃತ್ತರಾದವರು. ಅವರಿಗೆ ಸೋರಿಯಾಸಿಸ್, ಮೊಣಕೈ, ಬೆನ್ನು ಎಲ್ಲ ಹೊಪ್ಪಳೆ. ಆ ಕೋಣೆಯಲ್ಲಿ ಏನನ್ನೂ ಮುಚ್ಚಿಕೊಳ್ಳದೆ, ಅರ್ಧ ತೋಳಿನ ಟೀ ಶರ್ಟಿನಲ್ಲಿ ಕಾಲ ಮೇಲೆ ಕಾಲು ಹಾಕಿ ಪೇಪರ್ ಓದುತ್ತಿದ್ದವರು ಅವರೊಬ್ಬರೇ. "ಇವತ್ತು ಎಷ್ಟು ಸೆಕೆಂಡು ತಾಯಿ?" ಅಂತ ಕೇಳುತ್ತಿದ್ದರು. ನಾನು ಹೇಳಿದರೆ, "ನನ್ನದು ಜಾಸ್ತಿ, ಗೆದ್ದೆ," ಅನ್ನುತ್ತಿದ್ದರು.

ಹೀಗಿರುವಾಗ ಅಣ್ಣನ ಮಗಳು ಸಿಂಚನಾಳಿಗೆ ಗಂಡು ಗೊತ್ತಾಯಿತು. ಮಲ್ಲೇಶ್ವರದ ಕಡೆಯವರು, ಒಳ್ಳೆಯ ಮನೆತನ. ನಮ್ಮಲ್ಲಿ ಹುಡುಗಿಗೆ ಮೊದಲು ಮಡಿಲು ತುಂಬಿಸುವವಳು ಸೋದರತ್ತೆ, ಎಂದರೆ ನಾನು. ನಿಶ್ಚಿತಾರ್ಥಕ್ಕೆ ಸೀರೆ, ತೆಂಗಿನಕಾಯಿ, ಅಕ್ಕಿ, ಬಳೆ ಎಲ್ಲ ತಟ್ಟೆಯಲ್ಲಿ ಜೋಡಿಸಿಕೊಂಡು, ಉದ್ದ ತೋಳಿನ ರವಿಕೆ ತೊಟ್ಟು, ತುಟಿಯ ಸುತ್ತ ಬಣ್ಣ ಮೆತ್ತಿಕೊಂಡು ಛತ್ರಕ್ಕೆ ಹೋದೆ. ಗಂಡಿನ ಕಡೆಯವರು ಬರುವ ಹೊತ್ತಿಗೆ ಅತ್ತಿಗೆ ನನ್ನ ಪಕ್ಕಕ್ಕೆ ಬಂದಳು.

"ಭಾಗ್ಯ, ಒಳಗೆ ಅಡುಗೆಯವ್ರು ಏನ್ ಮಾಡ್ತಿದಾರೋ ಗೊತ್ತಿಲ್ಲ. ಎಲೆ ಕಮ್ಮಿ ಬೀಳ್ಬಹುದು, ಸ್ವಲ್ಪ ನೋಡ್ಕೊಂಡ್ ಬರ್ತೀಯಾ?"

ಹೋದೆ. ಬಾಳೆ ಎಲೆ ಬೇಕಾದಷ್ಟಿದ್ದವು. ತಿರುಗಿ ಬರುವಷ್ಟರಲ್ಲಿ ಅತ್ತಿಗೆಯ ತಂಗಿ ನನ್ನ ತಟ್ಟೆ ಹಿಡಿದು ಸಿಂಚನಾಳಿಗೆ ಮಡಿಲು ತುಂಬಿಸುತ್ತಿದ್ದಳು. ಸಿಂಚನ ಕತ್ತೆತ್ತಿ ನನ್ನನ್ನು ಹುಡುಕಿದ್ದನ್ನು ಕಂಡೆ. ಅಣ್ಣ ನೆಲ ನೋಡುತ್ತಿದ್ದ. ನಾನು ಅಡುಗೆಮನೆಗೆ ವಾಪಸು ಹೋಗಿ, ಊಟ ಮುಗಿಯುವವರೆಗೂ ಅಲ್ಲೇ ಒಂದು ಸ್ಟೂಲಿನ ಮೇಲೆ ಕೂತಿದ್ದೆ.

ಮರುದಿನ ಬೆಳಕಿನ ಪೆಟ್ಟಿಗೆಗೆ ಹೋದಾಗ ಇದನ್ನು ಮೇಷ್ಟ್ರಿಗೆ ಹೇಳಿಬಿಟ್ಟೆ. ಅವರು ಪೇಪರ್ ಮಡಚಿಟ್ಟರು.

"ತಾಯಿ, ಕೆಲವರನ್ನ ಪಂಕ್ತಿಯಿಂದ ಎಬ್ಬಿಸೋದು ನಮ್ಮ ದೇಶಕ್ಕೆ ಹೊಸ್ದಲ್ಲ. ನಮ್ಮಪ್ಪನಿಗೆ ಕೇಳಿದ್ರೆ ಕತೆ ಹೇಳೋರು. ಅದಿರ್ಲಿ, ನಿಮಗೆ ಈಜು ಬರುತ್ತಾ?"

ಬರುತ್ತೆ ಅಂದೆ. ಚಿಕ್ಕವಳಿದ್ದಾಗ ತಾತನ ಊರಿನ ಬಾವಿಯಲ್ಲಿ, ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಕಲಿತವಳು ನಾನು.

"ಸೈಕಲ್ಲು?"

"ಬರುತ್ತೆ."

"ಓಟ ಎಲ್ರಿಗೂ ಬರುತ್ತೆ. ಹಾಗಾದ್ರೆ ಒಂದು ಸ್ಪರ್ಧೆ ಇದೆ. ಮುಕ್ಕಾಲು ಕಿಲೋಮೀಟರ್ ಈಜಿ, ಇಪ್ಪತ್ತು ಕಿಲೋಮೀಟರ್ ಸೈಕಲ್ ಹೊಡೆದು, ಐದು ಕಿಲೋಮೀಟರ್ ಓಡ್ಬೇಕು. ಒಂದೇ ಏಟಿಗೆ. ಚಿಕ್ಕ ಟ್ರಯಥ್ಲಾನ್ ಅಂತಾರೆ. ಎಂಟು ತಿಂಗಳು ಟೈಮಿದೆ. ಕೋಪ ಸುಮ್ನೆ ಹಾಳಾಗ್ತಿದೆ, ಉಪಯೋಗಿಸ್ಕೊಳ್ಳಿ."

"ಏನು ಹಾಕ್ಕೊಂಡು ಮಾಡ್ಬೇಕು ಮೇಷ್ಟ್ರೇ?" ಎಂಬುದು ನನ್ನ ಮೊದಲ ಪ್ರಶ್ನೆಯಾಗಿತ್ತು. ಮೂರಕ್ಕೂ ಒಂದೇ ಉಡುಪು: ತೋಳಿಲ್ಲ, ಮೊಣಕಾಲಿನ ಮೇಲಕ್ಕೇ ಮುಗಿಯುತ್ತದೆ. ನಾನು ಮುಚ್ಚಿಟ್ಟುಕೊಂಡದ್ದೆಲ್ಲ ಸರಿಯಾಗಿ ಅದರ ಹೊರಗೇ ಬರುತ್ತದೆ. ಉದ್ದ ತೋಳಿನದೂ ಸಿಗುತ್ತದೆ, ಆದರೆ ಯಾವುದನ್ನು ತೊಡಬೇಕೆಂಬುದು ನನಗೆ ಆ ಕ್ಷಣವೇ ತಿಳಿದುಹೋಯಿತು.

ಸದಸ್ಯತ್ವ ಕೇಳಲು ಹೋದಾಗ ಈಜುಕೊಳದ ಮ್ಯಾನೇಜರ್ ನನ್ನ ಕೈ ನೋಡಿದ ಕೂಡಲೇ ಸೀಟಿನಿಂದ ಎದ್ದರು. "ಮೇಡಂ, ಬೇರೆ ಸದಸ್ಯರು ಆಬ್ಜೆಕ್ಷನ್ ಮಾಡ್ತಾರೆ. ಅಂಟುರೋಗ ಅಲ್ಲ ಅಂತ ಡಾಕ್ಟರ್ ಹತ್ರ ಸರ್ಟಿಫಿಕೇಟ್ ತನ್ನಿ."

"ತರ್ತೀನಿ," ಅಂದೆ. "ಆದ್ರೆ ಕೊಳಕ್ಕೆ ಇಳಿಯೋರೆಲ್ಲರ ಹತ್ರಾನೂ ತರ್ಸಿ. ಅಲ್ನೋಡಿ, ಆ ಯಜಮಾನ್ರು ಆಗ್ಲಿಂದ ನೀರಿಗೇ ಕೆಮ್ಮುತ್ತಿದಾರೆ. ಅವರ್ದು ಮೊದ್ಲು ತರ್ಸಿ."

ಡಾಕ್ಟರಮ್ಮ ನಗುತ್ತಾ ಬರೆದುಕೊಟ್ಟರು. ಅದನ್ನು ಪ್ಲಾಸ್ಟಿಕ್ಕಿನಲ್ಲಿ ಅಂಟಿಸಿ ಕೊಟ್ಟೆ, ಒದ್ದೆಯಾದರೂ ಹಾಳಾಗದ ಹಾಗೆ. ಮೊದಲ ದಿನ ನಾನು ಇಳಿದಾಗ ಇಬ್ಬರು ಹೆಂಗಸರು ಏಣಿ ಹತ್ತಿ ಹೊರಗೆ ಹೋದರು. ಒಂದಿಡೀ ಸಾಲು ನನಗೊಬ್ಬಳಿಗೇ ಸಿಕ್ಕಿತು. ಬೆಂಗಳೂರಿನಲ್ಲಿ ಬೆಳಗಿನ ಹೊತ್ತು ಈಜುಕೊಳದಲ್ಲಿ ಅಷ್ಟು ಜಾಗ ಮಂತ್ರಿಗಳಿಗೂ ಸಿಗಲಿಕ್ಕಿಲ್ಲ. ಹಾಗಂತ ನಕ್ಕೆನಾದರೂ, ನೀರೊಳಗೆ ಮುಖ ಇಟ್ಟಾಗ ಕನ್ನಡಕದೊಳಗೆ ಕಣ್ಣು ತುಂಬಿಕೊಂಡಿತ್ತು. ಮೂರು ವಾರ ಕಳೆದ ಮೇಲೆ ಆ ಇಬ್ಬರಲ್ಲಿ ಒಬ್ಬರು ನನ್ನ ಸಾಲಿಗೇ ಬಂದು, "ಉಸಿರು ತಗೊಳೋದು ಹೇಗೆ ಸ್ವಲ್ಪ ಹೇಳ್ಕೊಡ್ತೀರಾ?" ಅಂದರು. ಹೇಳಿಕೊಟ್ಟೆ. ಇನ್ನೊಬ್ಬರು ಸಮಯ ಬದಲಾಯಿಸಿಕೊಂಡರು.

ಬೆಳಗಿನ ಐದೂವರೆಗೆ ಲಾಲ್‌ಬಾಗಿನ ಸುತ್ತ ಓಟ, ಎರಡು ದಿನಕ್ಕೊಮ್ಮೆ ಈಜು, ಭಾನುವಾರ ಸೈಕಲ್ಲು. ಮೇಷ್ಟ್ರು ತಮ್ಮ ಹಳೆಯ ವಿದ್ಯಾರ್ಥಿಯ ಗೇರ್ ಸೈಕಲ್ಲು ಕೊಡಿಸಿ, ತಾವು ಸ್ಕೂಟರಿನಲ್ಲಿ ಹಿಂದೆ ಬರುತ್ತಾ ಶಾಲೆಯ ಸೀಟಿಯನ್ನೇ ಊದುತ್ತಿದ್ದರು. ಗೋದಾಮಿನಿಂದ ಎದ್ದು ಮತ್ತೆ ಅಂಗಡಿಯ ಮುಂದೆ ಕೂತೆ, ಬರಿಗೈಯಲ್ಲಿ. ಬೇಡ ಅನ್ನುವವರಿಗೆ ಬಳೆಯನ್ನು ಪೊಟ್ಟಣ ಕಟ್ಟಿಕೊಟ್ಟೆ. ಬೆಳಕಿನ ಪೆಟ್ಟಿಗೆ ಹದಿನೆಂಟು ತಿಂಗಳ ಮೇಲೆ ಮುಖಕ್ಕೆ ಸ್ವಲ್ಪ ಬಣ್ಣ ವಾಪಸು ಕೊಟ್ಟಿತು, ಕೈಗಳಿಗೆ ಏನೂ ಕೊಡಲಿಲ್ಲ. ಡಾಕ್ಟರಮ್ಮ ಇನ್ನು ಸಾಕು ಅಂದಾಗ ನಾನೂ ಸಾಕು ಅಂದೆ.

ಸ್ಪರ್ಧೆಗೆ ಆರು ವಾರ, ಮದುವೆಗೆ ಹತ್ತು ವಾರ ಇದ್ದಾಗ ಅಣ್ಣ ಮನೆಗೆ ಬಂದ. ಕಾಫಿ ಕುಡಿಯದೆ ಲೋಟವನ್ನೇ ತಿರುಗಿಸುತ್ತಾ ಕೂತ.

"ಭಾಗ್ಯ, ಆ ರೇಸ್‌ನೋರು ಫೋಟೋ ಎಲ್ಲಾ ಫೇಸ್‌ಬುಕ್ಕಿಗೆ ಹಾಕ್ತಾರಂತೆ."

"ಹಾಕ್ಲಿ."

"ಬೀಗರ ಮನೆಗೆ ನಾವು ಇನ್ನೂ ಹೇಳಿಲ್ಲ."

"ಏನು ಹೇಳಿಲ್ಲ?"

"ಅದೇ... ನಿಂದು. ವಂಶದಲ್ಲಿ ಇದೆ, ನಾಳೆ ಹುಡುಗೀಗೂ ಬರುತ್ತೆ ಅಂತಾರೆ. ಮದುವೆ ಒಂದು ಮುಗೀಲಿ. ಆಮೇಲೆ ಏನಾದ್ರೂ ಮಾಡ್ಕೋ, ನಾನು ಬೇಡ ಅನ್ನಲ್ಲ. ಈ ಸಲ ಬಿಟ್ಬಿಡು. ನಿಂಗೆ ಕೈ ಮುಗೀತೀನಿ."

ಅವನು ಕೆಟ್ಟವನಲ್ಲ. ನನ್ನನ್ನು ಹೆಗಲ ಮೇಲೆ ಹೊತ್ತು ಶಾಲೆಗೆ ಬಿಟ್ಟ ಅಣ್ಣ ಅವನು. ಅದಕ್ಕೇ ಹೆಚ್ಚು ನೋವಾಯಿತು. ಆಗಲಿ ಅಂತಲೂ ಅನ್ನಲಿಲ್ಲ, ಆಗಲ್ಲ ಅಂತಲೂ ಅನ್ನಲಿಲ್ಲ. ಆ ವಾರವೆಲ್ಲ ನನ್ನ ಓಟ ಕೆಟ್ಟಿತು. ನಾನು ಓಡಿದರೆ ಒಂದು ಹುಡುಗಿಯ ಮದುವೆ ಮುರಿಯುತ್ತದೆ. ಓಡದಿದ್ದರೆ ನಾನು ಮತ್ತೆ ಗೋದಾಮಿನೊಳಗೆ.

ಆ ಭಾನುವಾರ ಸೈಕಲ್ ತುಳಿಯುತ್ತಾ ಮಲ್ಲೇಶ್ವರದ ಕಡೆ ಹೋದವಳು, ಸಂಪಿಗೆ ರಸ್ತೆ ದಾಟಿದ ಮೇಲೆ ಯೋಚಿಸದೆ ಬೀಗರ ಬೀದಿಗೇ ತಿರುಗಿಬಿಟ್ಟೆ. ಮೊಣಕಾಲಿನ ಮೇಲಿನ ಚಡ್ಡಿ, ತೋಳಿಲ್ಲದ ಅಂಗಿ, ತಲೆಗೆ ಹೆಲ್ಮೆಟ್ಟು, ಬೆವರು. ಹುಡುಗನ ತಾಯಿ ಸರೋಜಮ್ಮನವರು ಬಾಗಿಲ ಮುಂದೆ ರಂಗೋಲಿ ಹಾಕುತ್ತಿದ್ದರು.

"ನಾನು ಸಿಂಚನಾಳ ಸೋದರತ್ತೆ," ಅಂದೆ. "ಇದು ತೊನ್ನು. ನಿಮಗೆ ಯಾರೂ ಹೇಳಿರಲ್ಲ. ಅಂಟಲ್ಲ, ಸಾಯ್ಸಲ್ಲ. ಹುಡುಗೀಗೆ ಇಲ್ಲ, ಮುಂದೆ ಬರುತ್ತೋ ಇಲ್ವೋ, ಅದನ್ನ ಯಾರ ಮನೆ ಮಗೂಗೂ ಬರೆದುಕೊಡೋಕಾಗಲ್ಲ. ನಾಳೆ ಮೋಸ ಆಯ್ತು ಅನ್ನೋದು ಬೇಡ ಅಂತ ನಾನೇ ಬಂದೆ."

ಅವರು ರಂಗೋಲಿ ಪುಡಿಯ ಕೈಯಲ್ಲೇ ನಿಂತರು. "ನಿಶ್ಚಿತಾರ್ಥದಲ್ಲಿ ನಿಮ್ಮನ್ನ ನೋಡಿದ ನೆನಪಿಲ್ವಲ್ಲ."

"ಅಡುಗೆಮನೇಲಿದ್ದೆ."

ಒಳಗೆ ಕರೆದು ಕೂರಿಸಿ ಕಾಫಿ ಕೊಟ್ಟರು. ಲೋಟವನ್ನು ಕೈಗೆ ಕೊಡಲಿಲ್ಲ, ಟೀಪಾಯಿಯ ಮೇಲಿಟ್ಟರು. ಮನೆಯವರನ್ನೆಲ್ಲ ಕೇಳಿ ಹೇಳುತ್ತೇವೆ ಅಂದರು. ಕಾಫಿ ಮಾತ್ರ ಚೆನ್ನಾಗಿತ್ತು, ಪೂರ್ತಿ ಕುಡಿದೇ ಎದ್ದೆ.

ದೊಡ್ಡ ಶೌರ್ಯ ಮಾಡಿದೆ ಎಂಬ ಹೆಮ್ಮೆಯಲ್ಲಿ ಮನೆಗೆ ಬಂದೆ. ಮಧ್ಯಾಹ್ನ ಸಿಂಚನಾಳ ಫೋನು.

"ಅತ್ತೆ, ಅದು ನನ್ನ ಮದುವೆ. ಹೇಳೋದಾಗಿದ್ರೆ ನಾನು ಹೇಳ್ಬೇಕಿತ್ತು. ನಾನು ಅವ್ರಿಗೆ ಮುಂದಿನ ವಾರ ಹೇಳ್ಬೇಕು ಅಂತಾನೇ ಇದ್ದೆ. ನೀವು ನನ್ನ ಒಂದು ಮಾತು ಕೇಳಿದ್ರಾ? ನಿಮ್ಮನ್ನ ಕೇಳ್ದೆ ಅಮ್ಮ ನಿಮ್ಮನ್ನ ಅಡುಗೆಮನೆಗೆ ಕಳಿಸಿದ್ರು. ನೀವು ನನ್ನ ಕೇಳ್ದೆ ಅವರ ಮನೆಗೆ ಹೋದ್ರಿ. ಏನು ವ್ಯತ್ಯಾಸ?"

ಅವಳು ಹೇಳಿದ್ದು ನೂರಕ್ಕೆ ನೂರು ಸರಿ. ತಪ್ಪಾಯಿತು ಕಣೇ ಅಂದೆ, ಅಷ್ಟರಲ್ಲಿ ಫೋನು ಇಟ್ಟಿದ್ದಳು. ನನ್ನ ತೊನ್ನಿಗೆ ನಾನು ನಾಚಿಕೊಳ್ಳುವುದಿಲ್ಲ, ಆದರೆ ಅವತ್ತಿನ ನನ್ನ ದುಡುಕಿಗೆ ಈಗಲೂ ನಾಚಿಕೆಯಾಗುತ್ತದೆ. ಬೀಗರ ಮನೆಯಿಂದ ಒಂದು ವಾರ, ಎರಡು ವಾರ, ಮೂರು ವಾರ ಉತ್ತರವಿಲ್ಲ. ಅಣ್ಣ ಮಾತು ಬಿಟ್ಟ. ಸ್ಪರ್ಧೆಯನ್ನು ಬಿಟ್ಟುಬಿಡಲೇ ಅಂತ ಮೇಷ್ಟ್ರನ್ನು ಕೇಳಿದೆ. "ಬಿಟ್ರೆ ಮದುವೆ ಆಗುತ್ತಾ?" ಅಂದರು. ಇಲ್ಲ ಅಂದೆ. "ಹಾಗಾದ್ರೆ ಹತ್ತು ಸುತ್ತು ಈಜಿ."

ಸ್ಪರ್ಧೆ ನಡೆದದ್ದು ಊರ ಹೊರಗಿನ ಒಂದು ಶಾಲೆಯಲ್ಲಿ. ಬೆಳಿಗ್ಗೆ ಆರಕ್ಕೇ ಡಾಕ್ಟರಮ್ಮ ಹೇಳಿದ್ದ ಬಿಸಿಲಿನ ಕ್ರೀಮನ್ನು ಗೋಡೆಗೆ ಸುಣ್ಣ ಬಳಿದಂತೆ ಬಳಿದುಕೊಂಡೆ. ಅದನ್ನು ಹಚ್ಚಿದರೆ ಎಲ್ಲರೂ ಬಿಳಿಯೇ. ಅಲ್ಲಿ ಸಾಲಾಗಿ ನಿಂತವರೆಲ್ಲ ಸ್ವಲ್ಪ ಹೊತ್ತು ನನ್ನ ಜಾತಿಯವರಂತೆಯೇ ಕಂಡರು. ತೋಳಿಗೂ ಕಾಲಿಗೂ ಮಾರ್ಕರ್ ಪೆನ್ನಿನಲ್ಲಿ ನಂಬರ್ ಬರೆಯುತ್ತಿದ್ದ ಹುಡುಗಿ ನನ್ನ ತೋಳು ನೋಡಿ ತಡವರಿಸಿದಳು. "ಮೇಡಂ, ಎಲ್ಲಿ ಬರೀಲಿ?"

"ಬಿಳಿ ಮೇಲೆ ಬರಿಯಮ್ಮ, ಚೆನ್ನಾಗಿ ಕಾಣ್ಸುತ್ತೆ."

ನೀರಿಗೆ ಬಿದ್ದ ಕೂಡಲೇ ಯಾರದೋ ಕಾಲು ನನ್ನ ಗದ್ದಕ್ಕೆ ಬಡಿಯಿತು. ಉದ್ದನೆಯ ಕೊಳ, ಹದಿನೈದು ಸಲ ಈ ದಡದಿಂದ ಆ ದಡಕ್ಕೆ. ಐದನೆಯದಕ್ಕೇ ಉಸಿರು ಸಿಕ್ಕಲಿಲ್ಲ, ಅಂಚು ಹಿಡಿದು ನಿಂತೆ. ಸಾಯುತ್ತೇನೆ ಅನ್ನಿಸಿತು. ಮೇಲಿನಿಂದ ಸೀಟಿ ಕೇಳಿಸಿತು, ಮೇಷ್ಟ್ರು. ಬೈಯುತ್ತಿದ್ದರೋ ಹುರಿದುಂಬಿಸುತ್ತಿದ್ದರೋ ಗೊತ್ತಿಲ್ಲ, ಮತ್ತೆ ಮುಖ ನೀರಿಗಿಟ್ಟೆ. ಹೊರಗೆ ಬರುವ ಹೊತ್ತಿಗೆ ಮುಕ್ಕಾಲು ಪಾಲು ಜನ ಸೈಕಲ್ ಏರಿ ಹೋಗಿದ್ದರು. ಹನ್ನೆರಡನೇ ಕಿಲೋಮೀಟರಿನಲ್ಲಿ ನನ್ನ ಸೈಕಲ್ಲಿನ ಚೈನು ಕಳಚಿತು. ಬಳೆ ಜೋಡಿಸುವ ಬೆರಳಿಗೆ ಚೈನು ಯಾವ ಲೆಕ್ಕ. ಎರಡು ನಿಮಿಷದಲ್ಲಿ ಕೂರಿಸಿ ಹತ್ತಿದೆ. ಎರಡೂ ಕೈ ಎಣ್ಣೆಯಲ್ಲಿ ಕಪ್ಪಾದವು. ಇಳಿದು ಓಡಲು ಹೋದರೆ ಕಾಲು ನನ್ನ ಮಾತು ಕೇಳಲಿಲ್ಲ. ಮೊದಲ ಒಂದು ಕಿಲೋಮೀಟರ್ ಓಡಿದೆನೋ ತೂರಾಡಿದೆನೋ. ಬಿಸಿಲೇರಿತು, ಬೆವರಿಗೆ ಕ್ರೀಮೆಲ್ಲ ಇಳಿದು ಹೋಯಿತು, ಬಿಳಿಯ ಜಾಗಗಳು ಕೆಂಪಾಗಿ ಉರಿಯತೊಡಗಿದವು. ದಾರಿಬದಿಯ ಜನ ನೋಡುತ್ತಿದ್ದರು. ನೋಡಿಕೊಳ್ಳಲಿ ಅಂದುಕೊಂಡೆ. ಮೊದಲಿಗೆ ಹಲ್ಲು ಕಚ್ಚಿ ಹಾಗಂದುಕೊಂಡೆ, ನಾಲ್ಕನೇ ಕಿಲೋಮೀಟರ್ ಹೊತ್ತಿಗೆ ಅವರು ನೋಡುತ್ತಿದ್ದಾರೆಂಬುದೇ ಮರೆತುಹೋಗಿತ್ತು. ಮೊಣಕಾಲು ಅಷ್ಟು ನೋಯುತ್ತಿತ್ತು.

ಗೆರೆ ದಾಟಿ ಹುಲ್ಲಿನ ಮೇಲೆ ಬಿದ್ದುಕೊಂಡಾಗ ಮುಖದ ಮೇಲೆ ನೆರಳು ಬಂತು. ಸಿಂಚನ. ನನಗೆ ಹೇಳದೆ ಮೇಷ್ಟ್ರ ನಂಬರ್ ಹುಡುಕಿ, ಬೆಳಿಗ್ಗೆಯೇ ಅವರ ಸ್ಕೂಟರಿನ ಹಿಂದೆ ಕೂತು ಬಂದಿದ್ದಳಂತೆ.

"ಇನ್ನೂ ಕೋಪ ಇದೆ ನನಗೆ," ಅಂದಳು ಮೊದಲು. ಆಮೇಲೆ ಪಕ್ಕದಲ್ಲಿ ಕೂತಳು. "ನಿನ್ನೆ ಅವರ ಮನೆಯಿಂದ ಫೋನ್ ಬಂತು. ಒಪ್ಪಿಗೇನಂತೆ. ಆದ್ರೆ ಹುಡುಗೀನ ಒಂದ್ಸಲ ಡಾಕ್ಟರ್ ಹತ್ರ ಪೂರ್ತಿ ಚೆಕ್ ಮಾಡ್ಸಿ ಅಂದ್ರು."

"ನೀನೇನಂದೆ?"

"ಆಗ್ಲಿ, ನಿಮ್ಮ ಹುಡುಗನ್ನೂ ಕರ್ಕೊಂಡ್ ಬನ್ನಿ, ಇಬ್ರಿಗೂ ಒಟ್ಟಿಗೇ ಮಾಡ್ಸೋಣ ಅಂದೆ. ಅಪ್ಪ ಫೋನ್ ಕಿತ್ಕೊಂಡ್ಬಿಟ್ರು."

ಮುಂದೇನಾಯಿತೆಂದು ಇಲ್ಲೇ ಹೇಳಿಬಿಡುತ್ತೇನೆ. ಹುಡುಗ ಒಳ್ಳೆಯವನು, ನಗುತ್ತಲೇ ಬಂದ. ಸಿಂಚನಾಳಿಗೆ ಏನೂ ಇರಲಿಲ್ಲ. ಹುಡುಗನಿಗೆ ಥೈರಾಯ್ಡ್ ಇರುವುದು ಗೊತ್ತಾಯಿತು. ದಿನಾ ಬೆಳಿಗ್ಗೆ ಒಂದು ಮಾತ್ರೆ ನುಂಗುತ್ತಾನೆ. ವಂಶದಲ್ಲಿದೆಯೇ ಅಂತ ನಮ್ಮ ಕಡೆಯವರು ಯಾರೂ ಕೇಳಲಿಲ್ಲ. ಮದುವೆಯಲ್ಲಿ ಮಡಿಲು ತುಂಬಿಸಿದ್ದು ನಾನೇ. ಭಾಗ್ಯತ್ತೆ ಬರುವವರೆಗೂ ಏಳುವುದಿಲ್ಲ ಅಂತ ಸಿಂಚನ ಮಣೆಯ ಮೇಲೆ ಕೂತುಬಿಟ್ಟಿದ್ದಳು. ಅಣ್ಣ ನನ್ನ ಜೊತೆ ಮಾತಾಡುತ್ತಾನೆ. ಅತ್ತಿಗೆ ಇನ್ನೂ ಇಲ್ಲ, ಅದು ಅವಳಿಷ್ಟ.

ಹುಲ್ಲಿನ ಮೇಲೆ ನಾವಿಬ್ಬರೂ ಕೂತಿದ್ದಾಗಲೇ ವೇದಿಕೆಯಿಂದ ಮೈಕಿನಲ್ಲಿ ನನ್ನ ಹೆಸರು ಕೂಗಿದರು. ಏಕೆಂದು ತಿಳಿಯದೆ ಕುಂಟುತ್ತಾ ಹೋದೆ. ಮೈಕು ಹಿಡಿದಿದ್ದ ಯುವಕ ಭಾವುಕನಾಗಿ, "ತಮ್ಮ ಕಾಯಿಲೆಯನ್ನು ಮೆಟ್ಟಿ ನಿಂತು, ಇಷ್ಟೊಂದು ಜನರ ಮುಂದೆ ಧೈರ್ಯವಾಗಿ ಬಂದ ಭಾಗ್ಯ ಮೇಡಂ ಅವರಿಗೆ ವಿಶೇಷ ಸ್ಫೂರ್ತಿ ಪ್ರಶಸ್ತಿ," ಅಂತ ಹೇಳಿ, ಒಂದು ಹೊಳೆಯುವ ಕಪ್ಪನ್ನು ಮುಂದೆ ಚಾಚಿದ. ಜನ ಚಪ್ಪಾಳೆ ತಟ್ಟಿದರು. ಕೆಲವರು ಎದ್ದು ನಿಂತರು. ನನಗೆ ಮುಖವೆಲ್ಲ ಬಿಸಿಯಾಯಿತು. ಎಂಟು ತಿಂಗಳು ನಾನು ಈಜಿದ್ದು, ತುಳಿದದ್ದು, ಓಡಿದ್ದು ಯಾವುದೂ ಅವರಿಗೆ ಕಂಡಿರಲಿಲ್ಲ. ನನ್ನ ಚರ್ಮ ಕಂಡಿತ್ತು, ಅಷ್ಟೇ.

ಮೈಕು ಈಸಿಕೊಂಡೆ.

"ನಲವತ್ತು ದಾಟಿದ ಹೆಂಗಸರಲ್ಲಿ ನಾನು ಎಷ್ಟನೇದು?"

ಅವನು ಗಲಿಬಿಲಿಯಾಗಿ ಪಕ್ಕದವರ ಹತ್ತಿರ ಪಟ್ಟಿ ನೋಡಿದ. "ಆರನೇದು ಮೇಡಂ."

"ಒಟ್ಟು ಎಷ್ಟು ಜನ ಇದ್ರು?"

"ಏಳು."

ಜನ ನಕ್ಕರು. ನಾನೂ ನಕ್ಕೆ. ಏಳನೆಯವರು ಯಾರೋ, ಅವರ ಮೇಲೆ ನನಗೆ ತುಂಬ ಪ್ರೀತಿ ಬಂತು.

"ಹಾಗಾದ್ರೆ ಕಪ್ಪು ಒಂದು, ಎರಡು, ಮೂರನೆಯವ್ರಿಗೆ ಕೊಡಿ," ಅಂದೆ. "ನನಗೆ ಆರನೇದಕ್ಕೆ ಏನಿದೆಯೋ ಅದನ್ನ ಕೊಡಿ."

ಅವನು ಪಾಪ, ಏನು ಮಾಡಬೇಕೆಂದು ತಿಳಿಯದೆ ಸುತ್ತ ನೋಡಿದ. "ಆರನೇದಕ್ಕೆ... ಎಲ್ಲರಿಗೂ ಕೊಡೋ ಬಾಳೆಹಣ್ಣು ಇದೆ ಮೇಡಂ."

"ಎರಡು ಕೊಡಿ, ಹಸಿವಾಗ್ತಿದೆ," ಅಂದೆ.